ಸಾರ್ವಜನಿಕ ಆಡಳಿತದಲ್ಲಿ ಎಂ.ಎ.: ಫೀಸು ಕಟ್ಟುವ ಮುಂಚೆ ಏನೇನು ನೋಡಬೇಕು?

ಪದವಿ ರಿಸಲ್ಟ್ ಬಂದ ವಾರದಿಂದಲೇ ನಮ್ಮ ಮನೆ ಜಗುಲಿಗೆ ಮಕ್ಕಳು ಬರತೊಡಗುತ್ತಾರೆ. ಹೊಸನಗರ, ತೀರ್ಥಹಳ್ಳಿ, ಸೊರಬ, ಸಾಗರ, ಎಲ್ಲ ಕಡೆಯಿಂದ. ಕೇಳುವ ಪ್ರಶ್ನೆ ಒಂದೇ: "ಸಾರ್, ಪಬ್ಲಿಕ್ ಅಡ್ಮಿನಿಸ್ಟ್ರೇಷನ್‌ನಲ್ಲಿ ಎಂ.ಎ. ಮಾಡ್ಬೇಕು. ಯಾವ ಕಾಲೇಜು ಒಳ್ಳೇದು?" ಕೆಲವರು ಅಷ್ಟರಲ್ಲಾಗಲೇ ಎಲ್ಲೋ ಮುಂಗಡ ಕಟ್ಟಿ ಬಂದಿರುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ. ಕಾಲೇಜಿನ ಮಾತು ಕೊನೆಗೆ ಬರಬೇಕು. ಅದಕ್ಕೂ ಮುಂಚೆ ನೋಡುವುದು ಬಹಳ ಇದೆ.

ಹೆಜ್ಜೆ 1: ಈ ಡಿಗ್ರಿ ಯಾಕೆ ಬೇಕು?

ಒಂದು ಹಾಳೆಯಲ್ಲಿ ಒಂದೇ ಸಾಲು ಬರೆಯಿರಿ. "ಕೆಎಎಸ್ ಬರೆಯೋಕೆ" ಎಂದು ಬರೆದಿದ್ದರೆ ಸ್ವಲ್ಪ ನಿಲ್ಲಿ. ಕೆಎಎಸ್, ಐಎಎಸ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಇವುಗಳಿಗೆ ಯಾವುದಾದರೂ ಪದವಿ ಸಾಕು. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಸಾರ್ವಜನಿಕ ಆಡಳಿತ ಒಂದು ಐಚ್ಛಿಕ ವಿಷಯ, ತಲಾ 250 ಅಂಕದ ಎರಡು ಪತ್ರಿಕೆ. ಅದನ್ನು ಆರಿಸಿಕೊಳ್ಳಲು ಎಂ.ಎ. ಆಗಿರಬೇಕಿಲ್ಲ. ಕೆಎಎಸ್ ಮೇನ್ಸ್‌ನಲ್ಲಂತೂ ಈಗ ಐಚ್ಛಿಕ ವಿಷಯವೇ ಇಲ್ಲ. ಬರೀ ಪರೀಕ್ಷೆಗಾಗಿ ಎರಡು ವರ್ಷ ಕೊಡುವ ಬದಲು ಆ ಎರಡು ವರ್ಷ ಪರೀಕ್ಷೆಗೇ ಓದಿ.

ಪಾಠ ಮಾಡಬೇಕು, ಸಂಶೋಧನೆ ಮಾಡಬೇಕು, ಇಲ್ಲವೇ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆಗಳ ಜೊತೆ ಕೆಲಸ ಮಾಡಬೇಕು ಎಂಬ ಆಸೆ ಇದ್ದರೆ ಮುಂದೆ ಓದಿ.

ಹೆಜ್ಜೆ 2: ಸರ್ಟಿಫಿಕೇಟಿನಲ್ಲಿ ಯಾವ ಹೆಸರು ಬರುತ್ತದೆ?

ಇದನ್ನು ಯಾರೂ ಕೇಳುವುದೇ ಇಲ್ಲ. ಎಂ.ಎ. ರಾಜ್ಯಶಾಸ್ತ್ರ ಬೇರೆ, ಎಂ.ಎ. ಸಾರ್ವಜನಿಕ ಆಡಳಿತ ಬೇರೆ, ಪಬ್ಲಿಕ್ ಪಾಲಿಸಿ ಇನ್ನೂ ಬೇರೆ. ಪಾಠ ಅರ್ಧಕ್ಕರ್ಧ ಒಂದೇ ಇರಬಹುದು. ಆದರೆ ನೇಮಕಾತಿಯ ಮೇಜಿನ ಮೇಲೆ ಓದುವುದು ಹೆಸರನ್ನು ಮಾತ್ರ. ನಮ್ಮ ಪಿಯು ಕಾಲೇಜುಗಳಲ್ಲಿ ಇರುವ ವಿಷಯ ರಾಜ್ಯಶಾಸ್ತ್ರ. ಅಲ್ಲಿ ಉಪನ್ಯಾಸಕರಾಗಬೇಕು ಅಂದರೆ ರಾಜ್ಯಶಾಸ್ತ್ರದ ಎಂ.ಎ. ಮಾಡಿ, ಬಿ.ಎಡ್. ಕೂಡ ಬೇಕು. ಸಾರ್ವಜನಿಕ ಆಡಳಿತವನ್ನು ಅದರೊಳಗಿನ ಪತ್ರಿಕೆಯಾಗಿ ಓದಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ವಿಭಾಗ ಇದೆ, ನಮ್ಮ ಜಿಲ್ಲೆಯವರಿಗೆ ಹತ್ತಿರ.

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲೂ ಎರಡೂ ಬೇರೆ ಬೇರೆ ವಿಷಯ. ರಾಜ್ಯಶಾಸ್ತ್ರದ ಕೋಡ್ 02, ಸಾರ್ವಜನಿಕ ಆಡಳಿತದ್ದು 14. ಯಾವುದರಲ್ಲಿ ಎಂ.ಎ. ಮಾಡುತ್ತೀರೋ ಅದರಲ್ಲೇ ಬರೆಯುವುದು ಕ್ರಮ. ಸಾಮಾನ್ಯ ವರ್ಗದವರಿಗೆ ಎಂ.ಎ.ನಲ್ಲಿ ಶೇ 55 ಅಂಕ ಬೇಕು, ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರಿಗೆ ಶೇ 50. ಶೇ 54 ಬಂದು ಅತ್ತವರನ್ನು ನೋಡಿದ್ದೇನೆ. ಮೊದಲ ಸೆಮಿಸ್ಟರ್‌ನಿಂದಲೇ ಇದು ತಲೆಯಲ್ಲಿರಲಿ.

ಹಾಗಾಗಿ ನೀವು ಬಯಸುವ ಹುದ್ದೆಯ ಹಳೆಯ ನೇಮಕಾತಿ ಅಧಿಸೂಚನೆ ಒಂದನ್ನು ಹುಡುಕಿ ಓದಿ. ವಿದ್ಯಾರ್ಹತೆಯ ಸಾಲಿನಲ್ಲಿ ಇರುವ ಹೆಸರೂ ನಿಮ್ಮ ಡಿಗ್ರಿಯ ಹೆಸರೂ ಒಂದೇ ಇದೆಯಾ ಎಂದು ಹೋಲಿಸಿ.

ಹೆಜ್ಜೆ 3: ಮಾನ್ಯತೆ. ಇಲ್ಲಿ ಆತುರ ಬೇಡ

ಅತಿ ಹೆಚ್ಚು ಮಕ್ಕಳು ಮುಗ್ಗರಿಸುವುದು ಇಲ್ಲೇ. ನಮ್ಮ ನೆಂಟರ ಹುಡುಗನೊಬ್ಬ ಪೇಟೆಯ ಒಂದು ಸ್ಟಡಿ ಸೆಂಟರ್ ಮೂಲಕ ಹೊರರಾಜ್ಯದ ವಿಶ್ವವಿದ್ಯಾಲಯದ ದೂರಶಿಕ್ಷಣಕ್ಕೆ ಸೇರಿದ. ಎರಡು ವರ್ಷ ಓದಿದ, ಚೆನ್ನಾಗಿಯೇ ಪಾಸಾದ. ಕೆಲಸಕ್ಕೆ ದಾಖಲೆ ಪರಿಶೀಲನೆಗೆ ಕರೆದಾಗ ಆ ಡಿಗ್ರಿ ನಡೆಯುವುದಿಲ್ಲ ಎಂದರು. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಫೀಸು ಕಟ್ಟಿದ್ದರು. ಆ ಮನೆಯಲ್ಲಿ ಆ ಸಂಜೆ ಒಬ್ಬರೂ ಊಟ ಮಾಡಲಿಲ್ಲ.

ನಿಯಮ ಇಷ್ಟೇ. ರಾಜ್ಯದ ವಿಶ್ವವಿದ್ಯಾಲಯ ದೂರಶಿಕ್ಷಣವನ್ನು ತನ್ನ ರಾಜ್ಯದ ಒಳಗೆ ಮಾತ್ರ ಕೊಡಬಹುದು. ಫ್ರಾಂಚೈಸಿ ಕೊಟ್ಟು ಸೆಂಟರ್ ನಡೆಸುವಂತಿಲ್ಲ. ಆನ್‌ಲೈನ್ ಡಿಗ್ರಿಗೆ ಈ ಗಡಿ ಇಲ್ಲ, ಆದರೆ ಅದಕ್ಕೆ ಬೇರೆಯೇ ಅನುಮತಿ ಬೇಕು. ದೂರಶಿಕ್ಷಣಕ್ಕೆ ಇರುವ ಅನುಮತಿ ತೋರಿಸಿ ಆನ್‌ಲೈನ್‌ಗೆ ಸೇರಿಸಿಕೊಳ್ಳುತ್ತೇವೆ ಎಂದರೆ ನಂಬಬೇಡಿ.

ನೋಡುವುದು ಹೇಗೆ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿ, ತನ್ನ ವೆಬ್‌ಸೈಟಿನಲ್ಲಿ ಪಟ್ಟಿ ಹಾಕುತ್ತದೆ. ಅದರಲ್ಲಿ ನಾಲ್ಕು ವಿಷಯ ನೋಡಿ: ವಿಶ್ವವಿದ್ಯಾಲಯದ ಹೆಸರು, ನೀವು ಸೇರುವ ವರ್ಷ, ಜುಲೈ ಅಥವಾ ಜನವರಿ ಸೆಷನ್, ಮತ್ತು ನಿಮ್ಮ ಕೋರ್ಸಿನ ಹೆಸರು. ನಾಲ್ಕೂ ಇರಬೇಕು. "ಕಳೆದ ವರ್ಷ ಇತ್ತು" ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ವಿಷಯದಲ್ಲಿ ಇಡೀ ರಾಜ್ಯ ಇದನ್ನು ಕಂಡಿದೆ. 2015ರಲ್ಲಿ ಅದಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿತು, 2018ರಲ್ಲಿ ಮರಳಿ ಕೊಟ್ಟಿತು. ನಡುವೆ ಸಿಕ್ಕಿಕೊಂಡ ಮಕ್ಕಳ ಕಷ್ಟ ಎಲ್ಲರಿಗೂ ಗೊತ್ತು. ಈಗ ಅಲ್ಲಿ ಓದಬಹುದು. ಶಿವಮೊಗ್ಗದಲ್ಲೇ ಅದರ ಪ್ರಾದೇಶಿಕ ಕೇಂದ್ರವೂ ಇದೆ. ಆದರೂ ಆ ವರ್ಷದ ಪಟ್ಟಿ ನೋಡಿಯೇ ಸೇರಿ.

ಆ ಪುಟವನ್ನು ಅದೇ ದಿನ ಪ್ರಿಂಟ್ ತೆಗೆದು ಮಾರ್ಕ್ಸ್ ಕಾರ್ಡ್ ಜೊತೆ ಇಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಯಾರಾದರೂ ಕೇಳಿದರೆ ತೋರಿಸಲು ಕೈಯಲ್ಲಿ ಕಾಗದ ಇರಬೇಕು.

2024ರಿಂದ ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಡಿಇಬಿ ಐಡಿ ಕಡ್ಡಾಯ. ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ನಿಮ್ಮ ಓದಿನ ಕ್ರೆಡಿಟ್‌ಗಳ ಖಾತೆಯ ಸಂಖ್ಯೆ, ಬೇಕು, ಅದು ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಇದನ್ನು ನೀವೇ ಮಾಡಿ. ಏಜೆಂಟರ ಕೈಗೆ ಆಧಾರ್ ಒಟಿಪಿ ಕೊಡಲೇಬೇಡಿ. ಊರಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಬಂದ ದಿನ ಕೂತು ಮುಗಿಸಿ.

ಹೆಜ್ಜೆ 4: ಮಾಧ್ಯಮ

ಕೇಂದ್ರದ ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋದ ಸಾರ್ವಜನಿಕ ಆಡಳಿತ ಎಂ.ಎ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಬರೆಯುವವರು ಸೇರುವ ಮುಂಚೆಯೇ ಕೇಳಿಕೊಳ್ಳಿ.

ಹೆಜ್ಜೆ 5: ರೆಗ್ಯುಲರ್ ಅಥವಾ ದೂರಶಿಕ್ಷಣ

ಮನೆಯ ಪರಿಸ್ಥಿತಿ ಅವಕಾಶ ಕೊಟ್ಟರೆ ರೆಗ್ಯುಲರ್ ಮಾಡಿ. ಇದು ನನ್ನ ಖಚಿತ ಮಾತು. ಈ ವಿಷಯ ಬೆಳೆಯುವುದು ವಾದದಲ್ಲಿ, ಲೈಬ್ರರಿಯಲ್ಲಿ. ಕೆಲಸದಲ್ಲಿದ್ದವರಿಗೆ, ತೋಟ ಬಿಟ್ಟು ಬರಲಾಗದವರಿಗೆ ದೂರಶಿಕ್ಷಣವೇ ಸರಿ. ಇಗ್ನೋದಲ್ಲಿ ಎರಡರಿಂದ ನಾಲ್ಕು ವರ್ಷ ಅವಕಾಶ ಇದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ನಮ್ಮ ಕಡೆ ಜೂನ್ ಅಂದರೆ ಮಳೆಗಾಲದ ಶುರು. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ, ಈ ಕಡೆಯವರು ಹಿಂದಿನ ರಾತ್ರಿಯೇ ಬಂದು ಶಿವಮೊಗ್ಗದಲ್ಲಿ ಉಳಿಯಿರಿ. ಬೆಳಗಿನ ಮೊದಲ ಬಸ್ಸನ್ನು ನಂಬಬೇಡಿ.

ಝೆರಾಕ್ಸ್ ಅಂಗಡಿಗಳಲ್ಲಿ ರೆಡಿ ಅಸೈನ್‌ಮೆಂಟ್, ಗೈಡು ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಒಂದೇ ತಪ್ಪು ಐವತ್ತು ಹಾಳೆಯಲ್ಲಿ ಇರುತ್ತದೆ, ತಿದ್ದುವವರಿಗೆ ತಕ್ಷಣ ಗೊತ್ತಾಗುತ್ತದೆ. ಇಗ್ನೋದ ಪಾಠಗಳು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಬೇರೆ ಕಡೆ ಓದುವವರಿಗೂ ಅವು ಉಪಯೋಗ.

ಹೆಜ್ಜೆ 6: ಸಿಲಬಸ್ ತರಿಸಿ ಓದಿ

ಸ್ಥಳೀಯ ಆಡಳಿತ, ಬಜೆಟ್, ಕರ್ನಾಟಕದ ಆಡಳಿತ, ಈ ಮೂರು ಇರಲೇಬೇಕು. ಬರೀ ವೆಬರ್, ಗುಲಿಕ್‌ರಂಥ ವಿದೇಶಿ ಚಿಂತಕರ ಸಿದ್ಧಾಂತ ಓದಿಸಿ ಕಳಿಸುವ ಕೋರ್ಸು ನನಗೆ ಇಷ್ಟವಿಲ್ಲ. ಪ್ರಬಂಧ ಅಥವಾ ಕ್ಷೇತ್ರಕಾರ್ಯ ಇದೆಯಾ, ಕೇಳಿ. ಮಲೆನಾಡಿನ ಮಕ್ಕಳಿಗೆ ವಿಷಯಕ್ಕೆ ಬರವೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾಗಿ ಬಂದ ಎಷ್ಟೋ ಮನೆಗಳಿಗೆ ಇವತ್ತಿಗೂ ಜಮೀನಿನ ಹಕ್ಕುಪತ್ರ ಕೈಸೇರಿಲ್ಲ. ಯಾವ ಕಚೇರಿಯಲ್ಲಿ, ಯಾವ ಕಾನೂನಿನ ಕೆಳಗೆ ಕಡತ ನಿಂತಿದೆ ಎಂದು ಒಬ್ಬರು ಹುಡುಕಿ ಬರೆದರೂ ಅದು ನಿಜವಾದ ಓದು. ಬಗರ್‌ಹುಕುಂ ಅರ್ಜಿಗಳು, 2006ರ ಅರಣ್ಯ ಹಕ್ಕು ಕಾಯ್ದೆ, ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಕೊಡಬೇಕೆನ್ನುವ ಸಕಾಲ ಯೋಜನೆಯ ಗಡುವು, ಎಲ್ಲ ನಮ್ಮ ಅಂಗಳದಲ್ಲೇ ಇವೆ.

ಓದಲು ಮನಸ್ಸಿದೆಯಾ ಎಂದು ನೋಡಿಕೊಳ್ಳುವ ದಾರಿಯೂ ಇದೆ. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 15 ವರದಿ ಕೊಟ್ಟಿದೆ. ಆರನೆಯದು ಸ್ಥಳೀಯ ಆಡಳಿತದ ಬಗ್ಗೆ. ನೆಟ್‌ನಲ್ಲಿ ಸಿಗುತ್ತದೆ, ಐವತ್ತು ಪುಟ ಓದಿ. ಆಮೇಲೆ ನಿಮ್ಮೂರ ಗ್ರಾಮಸಭೆಗೆ ಹೋಗಿ ಕೊನೆವರೆಗೂ ಕೂತುಕೊಳ್ಳಿ. ಎರಡೂ ಬೇಜಾರು ತರದಿದ್ದರೆ ಧೈರ್ಯವಾಗಿ ಸೇರಿ.

ಹೆಜ್ಜೆ 7: ಅರ್ಜಿ

ಇದು ಸುಲಭ. ಫೀಸನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಶೀದಿ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ, ಯಾರ ಹತ್ತಿರವೂ ಬಿಟ್ಟು ಬರಬೇಡಿ. ಮಳೆಗಾಲ ಅಲ್ವಾ, ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡೇ ಮನೆಯಿಂದ ಹೊರಡಿ.