ಮ್ಯಾಪ್ ಮುಟ್ಟುವ ಮೊದಲು ಮೀಟರ್ ಹಿಡಿಯಿರಿ

ಸ್ಪೋರ್ಟ್ಸ್ ಬೈಕ್ ಸ್ವಲ್ಪ ಜರ್ಕ್ ಹೊಡೆದರೆ ಸಾಕು, "ಇಸಿಯು ಹೋಗಿರಬೇಕು" ಅನ್ನುವವರೇ ಜಾಸ್ತಿ. ಇಸಿಯು ಅಂದರೆ ಇಂಜಿನ್ನಿನ ಕಂಪ್ಯೂಟರ್. ನನ್ನ ಕೈಗೆ ಬರುವ ಗಾಡಿಗಳಲ್ಲಿ ನಿಜವಾಗಿ ಇಸಿಯು ಕೆಟ್ಟಿರುವುದು ತೀರಾ ಅಪರೂಪ. ಸೆನ್ಸರ್‌ಗಳು ಹೇಳಿದ್ದನ್ನು ನಂಬಿ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಅದು ಮ್ಯಾಪ್ ಅನ್ನುವ ತನ್ನೊಳಗಿನ ಟೇಬಲ್ ನೋಡಿ ಲೆಕ್ಕ ಹಾಕುತ್ತದೆ. ಸುಳ್ಳು ಹೇಳಿದರೆ ಸುಳ್ಳಿಗೇ ಲೆಕ್ಕ ಹಾಕುತ್ತದೆ. ಹಾಗಾಗಿ ನನ್ನ ಹತ್ತಿರ ಲ್ಯಾಪ್‌ಟಾಪ್ ಹೊರಗೆ ಬರುವುದು ಕೊನೆಗೆ. ಮೊದಲು ಮಲ್ಟಿಮೀಟರ್.

ಬ್ಯಾಟರಿಯಿಂದ ಶುರು ಮಾಡಿ. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ, ಗಾಡಿ ಆಫ್ ಇದ್ದಾಗ 12.6ರಿಂದ 12.8 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ಒತ್ತಿದಾಗ 10ಕ್ಕಿಂತ ಕೆಳಗೆ ಬಿದ್ದರೆ ಅಲ್ಲೇ ನಿಲ್ಲಿ, ಮುಂದಿನ ಯಾವ ಟೆಸ್ಟೂ ನಂಬಿಕೆಗೆ ಬರುವುದಿಲ್ಲ. ಇಂಜಿನ್ 5,000 ಆರ್‌ಪಿಎಂನಲ್ಲಿ ಇರುವಾಗ 14ರ ಆಸುಪಾಸು ಇರಬೇಕು. ಪೆಟ್ರೋಲಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಇಂಜೆಕ್ಟರ್ ಒಳಗಿನ ಸೂಜಿ ಮೇಲೇಳಲು ಸುಮಾರು 1 ಮಿಲಿಸೆಕೆಂಡ್ ಬೇಕು. ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. ಇಸಿಯು ಇದನ್ನು ಸರಿದೂಗಿಸುತ್ತದೆ, ಆದರೆ ತನ್ನ ಪಿನ್ನಿಗೆ ಬಂದ ವೋಲ್ಟೇಜ್ ಮಾತ್ರ ನೋಡಿಕೊಂಡು. ಇಂಜೆಕ್ಟರಿಗೆ ಹೋಗುವ ವೈರಿನ ಕಪ್ಲರ್‌ನಲ್ಲಿ, ಅಂದರೆ ಕನೆಕ್ಟರ್‌ನಲ್ಲಿ, ಹಸಿರು ಕಿಲುಬು ಹಿಡಿದಿದ್ದರೆ ಅಲ್ಲಿ ಸೋರಿಹೋದ ವೋಲ್ಟೇಜ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ತೆರೆದಿರುವುದೇ ಎರಡು ಮೂರು ಮಿಲಿಸೆಕೆಂಡ್. ಅದರಲ್ಲಿ ಅರ್ಧ ಹೋದರೆ ಗಾಡಿ ಏರಿಳಿಯುತ್ತಾ ಆಫ್ ಆಗುತ್ತದೆ.

ಆಮೇಲೆ ಡ್ಯಾಶ್‌ಬೋರ್ಡಿನ ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ದೀಪದ ದೋಷದ ಕೋಡ್ ಓದಿ. ಸುಜುಕಿ ಜಿಎಸ್‌ಎಕ್ಸ್-ಆರ್ ಆದರೆ ಮೋಡ್ ಸೆಲೆಕ್ಟ್ ಕಪ್ಲರ್‌ಗೆ ಒಂದು ಜಂಪರ್, ಅಂದರೆ ಪಿನ್‌ಗಳನ್ನು ಕೂಡಿಸುವ ತುಂಡು ವೈರ್, ಹಾಕಿ, ಗಾಡಿಯ ಡ್ಯಾಶ್‌ಬೋರ್ಡಿನಲ್ಲೇ ಸಿ ಕೋಡ್ ಬರುತ್ತದೆ. ಸಿ00 ಅಂದರೆ ದೋಷ ಇಲ್ಲ. ಪಕ್ಕದ ಚಿಕ್ಕ ಗೆರೆ ಮಧ್ಯದಲ್ಲಿದ್ದರೆ, ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಟಿಪಿಎಸ್, ಸರಿಯಾಗಿ ಕೂತಿದೆ ಅಂತ. ಹೋಂಡಾದಲ್ಲಿ ದೀಪ ಮಿನುಗುವುದನ್ನು ಎಣಿಸಬೇಕು: ಉದ್ದದ್ದು ಹತ್ತು, ಗಿಡ್ಡದ್ದು ಒಂದು. ನೆನಪಿಡಿ, ಕೋಡ್ ತೋರಿಸುವುದು ಸರ್ಕ್ಯೂಟನ್ನು, ಪಾರ್ಟನ್ನಲ್ಲ. ಸಿ14 ಬಂತು ಅಂತ ಹೊಸ ಟಿಪಿಎಸ್ ತರಲು ಓಡಬೇಡಿ. ವೈರ್ ತುಂಡಾಗಿದ್ದರೂ ಅದೇ ಕೋಡ್.

ಇನ್ನು ಕೋಡೇ ಬರದ ತೊಂದರೆ. ಒಂದು ನಾಲ್ಕು ಸಿಲಿಂಡರ್ ಗಾಡಿ ಬಂದಿತ್ತು. ಹೈವೇನಲ್ಲಿ ಒಂದೇ ಸ್ಪೀಡಲ್ಲಿ ಹೋಗುವಾಗ ಮಾತ್ರ ಕುಲುಕುತ್ತದೆ, ಪೂರ್ತಿ ಥ್ರಾಟಲ್ ತಿರುವಿದರೆ ಚಿರತೆ. ಮಾಲೀಕರು ಆಗಲೇ ಮ್ಯಾಪ್ ಬದಲಿಸಿಕೊಂಡು ಬಂದಿದ್ದರು. ಟಿಪಿಎಸ್ ಕಪ್ಲರ್ ಬಿಚ್ಚದೆ, ಹಿಂದಿನಿಂದ ಸಣ್ಣ ಪಿನ್ ತೂರಿಸಿ, ಕೀ ಆನ್ ಮಾಡಿ ಥ್ರಾಟಲನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದೆ. 1.1 ವೋಲ್ಟಿನಿಂದ ನಿಧಾನವಾಗಿ ಏರಿದ ಮುಳ್ಳು, 1.6ರ ಹತ್ತಿರ ತಟಕ್ಕನೆ ಕೆಳಗೆ ಬಿದ್ದು ಮತ್ತೆ ಮೇಲೆದ್ದಿತು. ಹೌದು, ಮುಳ್ಳು. ಈ ಕೆಲಸಕ್ಕೆ ಹಳೇ ಅನಲಾಗ್ ಮೀಟರೇ ವಾಸಿ, ಡಿಜಿಟಲ್ ಆ ಕ್ಷಣವನ್ನು ನುಂಗಿಬಿಡುತ್ತದೆ. ದಿನಾ ಓಡಿಸುವಾಗ ಕೈ ನಿಲ್ಲುವ ಜಾಗದಲ್ಲೇ ಸೆನ್ಸರ್ ಒಳಗಿನ ಪಟ್ಟಿ ಸವೆದಿತ್ತು. ಅಲ್ಲಿಗೆ ಬಂದಾಗಲೆಲ್ಲ ಥ್ರಾಟಲ್ ಮುಚ್ಚಿತು ಅಂದುಕೊಂಡು ಇಸಿಯು ಪೆಟ್ರೋಲ್ ಕತ್ತರಿಸುತ್ತಿತ್ತು. ಬಿದ್ದ ವೋಲ್ಟೇಜೂ ಮಿತಿಯೊಳಗೇ ಇದ್ದದ್ದರಿಂದ ಕೋಡ್ ಇಲ್ಲ. ಇದಕ್ಕೆ ಯಾವ ಮ್ಯಾಪ್ ಹಾಕಿದರೆ ಏನು ಪ್ರಯೋಜನ, ಅಲ್ವಾ?

ಇಂಜಿನ್ ಎಷ್ಟು ಬಿಸಿಯಿದೆ ಅಂತ ಹೇಳುವ ಕೂಲೆಂಟ್ ಸೆನ್ಸರ್ ನೋಡುವುದು ಸುಲಭ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲೆಂಟ್ ತಾಪವೂ ಏರ್‌ಬಾಕ್ಸ್ (ಏರ್ ಫಿಲ್ಟರ್ ಇರುವ ಡಬ್ಬಿ) ಗಾಳಿಯ ತಾಪವೂ ಹೆಚ್ಚುಕಮ್ಮಿ ಒಂದೇ ಇರಬೇಕು. ಸ್ಕ್ಯಾನರ್ ಇಲ್ಲದಿದ್ದರೆ ಓಮ್ಸ್ ಅಳೆಯಿರಿ. ಬಹಳ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು 2.4 ಕಿಲೋ ಓಮ್ಸ್, 80 ಡಿಗ್ರಿಯಲ್ಲಿ ಸುಮಾರು 0.3. ಕಪ್ಲರ್ ಕೊಳೆಯಾಗಿ ಓಮ್ಸ್ ಜಾಸ್ತಿಯಾದರೆ, ಬಿಸಿ ಇಂಜಿನ್ನೂ ತಣ್ಣಗಿದೆ ಅಂತ ತಿಳಿದು ಇಸಿಯು ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಮಸಿ, ಸೈಲೆನ್ಸರ್ ವಾಸನೆ, ಮೈಲೇಜ್ ನೆಲಕಚ್ಚಿರುತ್ತದೆ.

ಟಾಪ್ ಎಂಡ್‌ನಲ್ಲಿ, ಅಂದರೆ ಹೆಚ್ಚಿನ ಆರ್‌ಪಿಎಂನಲ್ಲಿ, ಮಾತ್ರ ಉಸಿರು ಕಟ್ಟಿದಂತಾದರೆ ಪೆಟ್ರೋಲ್ ಪ್ರೆಷರ್ ನೋಡಿ. ಬಹುತೇಕ ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಅದು 3 ಬಾರ್ ಆಸುಪಾಸು, ನಿಮ್ಮ ಗಾಡಿಯ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. 12,000 ಆರ್‌ಪಿಎಂನಲ್ಲಿ ನಾಲ್ಕೂ ಸ್ಟ್ರೋಕ್ ಮುಗಿಯುವುದು 10 ಮಿಲಿಸೆಕೆಂಡಿನಲ್ಲಿ. ಪ್ರೆಷರ್ ಕಡಿಮೆಯಾದರೆ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡೋಣ ಅಂದರೂ ಹೊತ್ತೇ ಇರುವುದಿಲ್ಲ. ಸಾಮಾನ್ಯವಾಗಿ ಟ್ಯಾಂಕ್ ಒಳಗಿನ ಪಂಪ್ ಜಾಲರಿ ಕಟ್ಟಿಕೊಂಡಿರುತ್ತದೆ. ಗೇಜ್ ಕೂರಿಸುವ ಮೊದಲು ಪಂಪ್ ಕಪ್ಲರ್ ಬಿಚ್ಚಿ, ಇಂಜಿನ್ ತಾನಾಗೇ ಆಫ್ ಆಗುವವರೆಗೆ ಓಡಿಸಿ. ಇಲ್ಲದಿದ್ದರೆ ಪೈಪ್ ಬಿಚ್ಚಿದ ತಕ್ಷಣ ಪೆಟ್ರೋಲ್ ಮುಖಕ್ಕೆ ಹಾರುತ್ತದೆ.

ಗಾಳಿ ಲೀಕ್ ಹುಡುಕಲು ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡುವ ಭಾಗ) ಕೆಳಗಿನ ರಬ್ಬರ್‌ಗಳಿಗೆ ಐಡ್ಲಿಂಗ್‌ನಲ್ಲಿ ನೀರು ಸ್ಪ್ರೇ ಮಾಡಿ. ಆರ್‌ಪಿಎಂ ಬದಲಾದರೆ ಲೀಕ್ ಅಲ್ಲೇ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆಯುವವರೂ ಇದ್ದಾರೆ, ಬೆಂಕಿ ಹತ್ತುತ್ತದೆ, ಬೇಡ.

ಇಷ್ಟೆಲ್ಲ ಸರಿಯಿದ್ದು, ಥ್ರಾಟಲ್ ಬಾಡಿ ಸಿಂಕ್ (ಎಲ್ಲ ಸಿಲಿಂಡರಿಗೂ ಗಾಳಿ ಸಮ ಮಾಡುವುದು) ಕೂಡ ಆಗಿದ್ದರೆ, ಆಗ ಮ್ಯಾಪ್. ಇಸಿಯುವಿನ ಪೆಟ್ರೋಲ್ ಲೆಕ್ಕವನ್ನು ಹೊರಗಿನಿಂದ ಬದಲಿಸುವ ಪವರ್ ಕಮಾಂಡರ್ ಥರದ ಡಬ್ಬಿ ಇದ್ದರೆ ಅದನ್ನು ಪೂರ್ತಿ ಬಿಚ್ಚಿ, ಕಂಪನಿ ಕಪ್ಲರ್‌ಗಳನ್ನು ಮೊದಲಿನಂತೆ ಜೋಡಿಸಿ ಓಡಿಸಿ ನೋಡಿ. ಮ್ಯಾಪಿನಲ್ಲಿ ಸುಮ್ನೆ ಸೊನ್ನೆ ತುಂಬಿದರೆ ಸಾಲದು, ಡಬ್ಬಿಯ ವೈರಿಂಗೇ ಕೈಕೊಟ್ಟಿರಬಹುದು. ಕಂಪನಿಯ ಆಕ್ಸಿಜನ್ ಸೆನ್ಸರ್ ಆನ್ ಇರುವಾಗ ಕ್ರೂಸಿಂಗ್ (ಒಂದೇ ಸ್ಪೀಡಲ್ಲಿ ಹೋಗುವ) ಜಾಗದಲ್ಲಿ ಡಬ್ಬಿಯಿಂದ ಪೆಟ್ರೋಲ್ ಜಾಸ್ತಿ ಮಾಡಬೇಡಿ. ನೀವು ಸೇರಿಸಿದ್ದನ್ನು ಇಸಿಯು 14.7ರ ಅನುಪಾತಕ್ಕೆ (ತೂಕದಲ್ಲಿ ಗಾಳಿ 14.7, ಪೆಟ್ರೋಲ್ 1) ಎಳೆದು ತೆಗೆಯುತ್ತಲೇ ಇರುತ್ತದೆ, ಗಾಡಿ ನಡುವೆ ತೂಗಾಡುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 13ರ ಸುತ್ತಮುತ್ತ ಒಳ್ಳೆಯ ಪವರ್ ಸಿಗುತ್ತದೆ, ಆದರೆ ಅದನ್ನು ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಕಿವಿಯಿಂದ, ಪ್ಲಗ್ ಬಣ್ಣದಿಂದ ಆಗುವ ಕೆಲಸವಲ್ಲ. ಒಂದು ಸಲಕ್ಕೆ ಎರಡು ಮೂರು ಶೇಕಡಕ್ಕಿಂತ ಹೆಚ್ಚು ಬದಲಿಸಬೇಡಿ.

ನೇರವಾಗಿ ಇಸಿಯು ಫ್ಲ್ಯಾಶ್ ಮಾಡುವುದಾದರೆ, ಅಂದರೆ ಅದರೊಳಗಿನ ಫೈಲನ್ನೇ ಹೊಸದಾಗಿ ಬರೆಯುವುದಾದರೆ, ಮೂಲ ಫೈಲನ್ನು ಮೊದಲು ಸೇವ್ ಮಾಡಿಕೊಳ್ಳಿ. ಬ್ಯಾಟರಿಗೆ ಚಾರ್ಜರ್ ಹಾಕಿ, ಹೆಡ್‌ಲೈಟ್ ಫ್ಯೂಸ್ ಕಿತ್ತಿಡಿ, ಲ್ಯಾಪ್‌ಟಾಪ್ ಸ್ಲೀಪ್ ಆಗದಂತೆ ಸೆಟ್ ಮಾಡಿ. ಬರೆಯುತ್ತಿರುವಾಗ ಮಧ್ಯದಲ್ಲಿ ವೋಲ್ಟೇಜ್ ಬಿದ್ದರೆ, ಇಸಿಯು ಹೋಗಿದೆ ಅನ್ನುವ ಮಾತು ಆಗ ನಿಜವಾಗಬಹುದು.