ಹೆಡ್ಜ್ ಟ್ರಿಮ್ಮರ್ ನಿಂತುಹೋಯ್ತಾ? ಮೊದಲು ಕಾರ್ಬನ್ ನೋಡಿ

ಮಳೆ ಹಿಡಿದರೆ ಡುರಾಂಟ ಬೇಲಿಯನ್ನು ಹಿಡಿಯುವವರಿಲ್ಲ. ದಾವಣಗೆರೆಯ ಬಡಾವಣೆಗಳಲ್ಲಿ ಕಾಂಪೌಂಡಿಗೆ ಒತ್ತಿ ಬೆಳೆಸಿದ ಗಿಡಗಳು ನೋಡನೋಡುತ್ತ ಗೇಟಿನ ಮೇಲೆ ಬಾಗುತ್ತವೆ. ಆಗ ಅಟ್ಟದ ಮೇಲಿನ ಟ್ರಿಮ್ಮರ್ ನೆನಪಾಗುತ್ತದೆ. ಪ್ಲಗ್ ಹಾಕಿ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. 'ಮೋಟಾರ್ ಸುಟ್ಟೋಗಿದೆ, ಹೊಸದು ತಗೊಳ್ಳಿ' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅಷ್ಟು ಬೇಗ ನಂಬಬೇಡಿ. ಮೋಟಾರ್ ಸುಟ್ಟಿದ್ದರೆ ಸಾಮಾನ್ಯವಾಗಿ ಗಾಳಿಯ ಕಿಂಡಿಯ ಹತ್ತಿರ ಮೂಗಿಟ್ಟರೆ ಕಮಟು ವಾಸನೆ ಬರುತ್ತದೆ. ವಾಸನೆ ಇಲ್ಲದೆ ಸುಮ್ನೆ ನಿಂತಿದ್ದರೆ ವೈರ್, ಸ್ವಿಚ್ ಅಥವಾ ಕಾರ್ಬನ್ ಮೇಲೆ ಅನುಮಾನ ಪಡಿ. ಈ ಮೂರನ್ನೂ ಮನೆಯಲ್ಲೇ ನೋಡಬಹುದು.

ಇಲ್ಲಿ ಹೇಳುತ್ತಿರುವುದು ಪ್ಲಗ್ ಹಾಕಿ ನಡೆಸುವ 230 ವೋಲ್ಟಿನ ಮಷೀನಿನ ಬಗ್ಗೆ. ಬ್ಯಾಟರಿಯದ್ದಾದರೆ ಬ್ಯಾಟರಿ ಪ್ಯಾಕ್ ಬಿಚ್ಚುವ ಗೋಜಿಗೆ ಹೋಗಬೇಡಿ.

ಬಿಚ್ಚುವ ಮೊದಲು

ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆಯನ್ನೋ ಟೇಬಲ್ ಫ್ಯಾನನ್ನೋ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸನ್ನೂ ಹೀಗೇ ಪರೀಕ್ಷಿಸಿ. ಇನ್ನೊಂದು ಮಾತು: ಬಹಳಷ್ಟು ಟ್ರಿಮ್ಮರ್‌ಗಳಲ್ಲಿ ಹಿಂದಿನ ಹಿಡಿಯಲ್ಲೊಂದು, ಮುಂದಿನ ಹಿಡಿಯಲ್ಲೊಂದು ಸ್ವಿಚ್ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಓಡುತ್ತದೆ. ಇಷ್ಟಾದ ಮೇಲೆ ಪ್ಲಗ್ ಕಿತ್ತು ಎದುರಿಗೇ ಇಟ್ಟುಕೊಳ್ಳಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗೆ ಕೆಪಾಸಿಟರ್ ಇದ್ದರೆ ಸ್ವಲ್ಪ ಕರೆಂಟು ಹಿಡಿದಿಟ್ಟುಕೊಂಡಿರಬಹುದು. ಹಾಗಾಗಿ ಕೆಲವು ನಿಮಿಷ ಬಿಡಿ, ಪ್ಲಗ್ಗಿನ ಪಿನ್ನುಗಳನ್ನು ಕೈಯಲ್ಲಿ ಮುಟ್ಟಬೇಡಿ. ಬ್ಲೇಡಿಗೆ ಕವರ್ ಹಾಕಿ.

ಮಲ್ಟಿಮೀಟರನ್ನು ಓಮ್ಸ್‌ಗೆ ತಿರುಗಿಸಿ ಪ್ಲಗ್ಗಿನ ಎರಡು ಪಿನ್ನುಗಳಿಗೆ ಹಿಡಿಯಿರಿ. ಮನೆಯವರಿಗೆ ಹೇಳಿ ಟ್ರಿಮ್ಮರಿನ ಎರಡೂ ಸ್ವಿಚ್ ಒತ್ತಿಸಿ. ಕೆಲವು ಓಮಿನಿಂದ ಕೆಲವು ಹತ್ತು ಓಮಿನವರೆಗೆ ಏನಾದರೂ ಅಂಕಿ ಬಂದರೆ ದಾರಿ ಕೂಡಿದೆ. ಏನೂ ಬರದಿದ್ದರೆ ಎಲ್ಲೋ ತುಂಡಾಗಿದೆ. ಈಗ ಮೀಟರ್ ನೋಡುತ್ತಲೇ, ವೈರ್ ಹಿಡಿಯೊಳಗೆ ಹೋಗುವ ಜಾಗದಲ್ಲಿ ಅದನ್ನು ಅತ್ತಿತ್ತ ಬಗ್ಗಿಸಿ. ಅಂಕಿ ಬಂದು ಹೋಗುತ್ತಿದ್ದರೆ ಕಳ್ಳ ಸಿಕ್ಕಂತೆಯೇ! ವೈರ್ ಹೆಚ್ಚಾಗಿ ಒಳಗೊಳಗೇ ತುಂಡಾಗುವುದು ಅಲ್ಲೇ. ಅಷ್ಟು ಭಾಗ ಕತ್ತರಿಸಿ, ಉಳಿದ ವೈರನ್ನು ಹಿಡಿಯೊಳಗಿನ ಕನೆಕ್ಟರಿಗೆ ಮತ್ತೆ ಬಿಗಿಯಿರಿ. ನಡುವೆ ಎಲ್ಲೋ ತುಂಡಾಗಿದ್ದರೆ ಟೇಪ್ ಸುತ್ತಿ ಮುಗಿಸಬೇಡಿ, ವೈರನ್ನೇ ಬದಲಿಸಿ. ಒದ್ದೆ ಗಿಡದ ಮಧ್ಯೆ ಕೈಯಲ್ಲಿ ಹಿಡಿಯುವ ಮಷೀನು ಇದು, ಅಲ್ವಾ?

ಕಾರ್ಬನ್ ತೆಗೆಯುವುದು

ಅಂಗಡಿಯವರು 'ಕಾರ್ಬನ್' ಅನ್ನುವುದು ಕಾರ್ಬನ್ ಬ್ರಷ್‌ಗೆ. ಬೆರಳಿನ ಉಗುರಿಗಿಂತ ಚಿಕ್ಕ, ಚೌಕದ ಕಪ್ಪು ತುಂಡು. ಮೋಟಾರಿನೊಳಗೆ ತಿರುಗುವ ಭಾಗಕ್ಕೆ, ಅಂದರೆ ಆರ್ಮೇಚರಿಗೆ, ಕರೆಂಟು ಕೊಡುವುದು ಇದೇ. ಹಿಂದೊಂದು ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಉಜ್ಜಿ ಉಜ್ಜಿ ಸವೆದು, ಸ್ಪ್ರಿಂಗಿಗೆ ತಳ್ಳಲು ಏನೂ ಉಳಿಯದಿದ್ದಾಗ ಮಷೀನು ನಿಲ್ಲುತ್ತದೆ. ನಿಲ್ಲುವ ಮೊದಲು ಕೆಲವು ದಿನ ತಡೆದು ತಡೆದು ಓಡಿದ್ದರೆ, ತಟ್ಟಿದಾಗ ಮತ್ತೆ ಶುರುವಾಗಿದ್ದರೆ, ಹೆಚ್ಚಾಗಿ ಇದೇ ಕಾರಣ.

ಕೆಲವು ಮಾಡೆಲ್‌ಗಳಲ್ಲಿ ಮೋಟಾರಿನ ಎರಡೂ ಪಕ್ಕ ಗೀರು ಇರುವ ದುಂಡು ಮುಚ್ಚಳ ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದ ನಿಧಾನ ತಿರುಗಿಸಿ, ಮೇಲೆ ಹೆಬ್ಬೆರಳು ಇಟ್ಟಿರಿ. ಇಲ್ಲದಿದ್ದರೆ ಸ್ಪ್ರಿಂಗ್ ಹಾರಿ ಹೂಕುಂಡದ ಮಣ್ಣಿಗೆ ಬೀಳುತ್ತದೆ. ಮುಚ್ಚಳ ಕಾಣದಿದ್ದರೆ ಬಾಡಿ ಬಿಚ್ಚಬೇಕು. ನಕ್ಷತ್ರದ ತಲೆಯ ಸ್ಕ್ರೂ ಇದ್ದರೆ ಅದಕ್ಕೆ ತಕ್ಕ ಬಿಟ್ ಬೇಕು. ಒಂದೊಂದು ಸ್ಕ್ರೂ ಒಂದೊಂದು ಉದ್ದ ಇರಬಹುದು; ಮಷೀನಿನ ಚಿತ್ರ ಗೀಚಿದ ರಟ್ಟಿಗೆ ಅದದೇ ಜಾಗದಲ್ಲಿ ಚುಚ್ಚಿಡಿ. ಮೇಲಿನ ಅರ್ಧ ಎತ್ತಿದ ಕೂಡಲೇ ಏನನ್ನೂ ಮುಟ್ಟದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಜೋಡಿಸುವಾಗ ಅದೇ ಆಧಾರ.

ಹೊರಬಂದ ಕಾರ್ಬನ್ನಿನ ತುದಿ ನುಣ್ಣಗೆ, ಸ್ವಲ್ಪ ಒಳಗೆ ಬಾಗಿದಂತೆ ಹೊಳೆಯುತ್ತಿದ್ದರೆ ಸರಿಯಿದೆ. ಅಂಚು ಮುರಿದಿದ್ದರೆ, 5-6 ಮಿಲಿಮೀಟರಿಗಿಂತ ಗಿಡ್ಡಾಗಿದ್ದರೆ ಬದಲಿಸಿ. ಒಂದು ಮಾತ್ರ ಸವೆದಿದ್ದರೂ ಜೋಡಿಯನ್ನೇ ಹಾಕಬೇಕು.

ಹಳೆಯದನ್ನು ಜೇಬಿಗೆ ಹಾಕಿಕೊಂಡು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಹತ್ತಿ ಗಿರಣಿಗಳಿದ್ದ ಊರು ನಮ್ಮದು, ಸುತ್ತ ಬೋರ್‌ವೆಲ್ ಪಂಪುಗಳ ಹಳ್ಳಿಗಳು. ಇಂಥ ಅಂಗಡಿಗೆ ಬರವಿಲ್ಲ. ಅಗಲ ಮತ್ತು ದಪ್ಪ ಹೊಂದಬೇಕು. ಚೂರು ದಪ್ಪವಿದ್ದರೆ ನಯ ಮರಳು ಕಾಗದದ ಮೇಲೆ ಉಜ್ಜಿ ಇಳಿಸಬಹುದು. ಸಣ್ಣದಾಗಿ ಅಲ್ಲಾಡುವಂಥದ್ದು ಬೇಡ.

ಹೊಸದು ಹಾಕುವ ಮೊದಲು ಆರ್ಮೇಚರಿನ ತಾಮ್ರದ ಉಂಗುರ, ಅಂದರೆ ಕಮ್ಯುಟೇಟರ್, ಕೈಗೆ ಸಿಗುವಂತಿದ್ದರೆ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಕಪ್ಪು ಹೋಗದಿದ್ದರೆ 600 ನಂಬರಿನ ಮರಳು ಕಾಗದ ಮೆಲ್ಲಗೆ ತಾಗಿಸಿ. ಎಮರಿ ಕಾಗದ ಬಳಸಬೇಡಿ, ಅದರ ಪುಡಿ ಶಾರ್ಟ್ ಮಾಡಬಹುದು. ತಾಮ್ರದ ಪಟ್ಟಿಗಳ ನಡುವಿನ ಸಂದನ್ನು ಕಡ್ಡಿಯಿಂದ ಕೆರೆದು ಧೂಳು ಊದಿ.

ಓಡಿಸಿ ನೋಡುವುದು

ಬಾಡಿ ಪೂರ್ತಿ ಮುಚ್ಚಿದ ಮೇಲೆಯೇ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಸಾಲಿನಲ್ಲಿ ಪ್ಲಗ್ ಹಾಕಿ. ಬೇಲಿಗೆ ತಾಗಿಸದೆ ಕೆಲವು ನಿಮಿಷ ಸುಮ್ನೆ ಓಡಿಸಿ. ಹೊಸ ಕಾರ್ಬನ್ ಕೂರಬೇಕಲ್ಲ. ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ. ಕಿಡಿ ಉಂಗುರದ ಸುತ್ತ ಬೆಂಕಿ ಬಳೆಯಂತೆ ಹಬ್ಬಿದರೆ ಕೂಡಲೇ ನಿಲ್ಲಿಸಿ, ಅದು ಆರ್ಮೇಚರಿನ ದೋಷ. ರಿವೈಂಡಿಂಗ್, ಅಂದರೆ ಅದರ ತಂತಿ ಮತ್ತೆ ಸುತ್ತಿಸುವ, ಖರ್ಚು ಮೊದಲೇ ಕೇಳಿ. ಸಣ್ಣ ಮಷೀನಿಗೆ ಅದು ಎಷ್ಟೋ ಸಲ ಗಿಟ್ಟುವುದಿಲ್ಲ. ಮೋಟಾರ್ ಓಡಿ ಬ್ಲೇಡ್ ಅಲ್ಲಾಡದಿದ್ದರೆ ಗೇರ್ ಹಲ್ಲು ನೋಡಿ. ಬ್ಲೇಡ್ ಅಂಟು ಹಿಡಿದಿದ್ದರೆ ಪ್ಲಗ್ ಕಿತ್ತು, ಸೀಮೆಎಣ್ಣೆಯಲ್ಲಿ ಒರೆಸಿ ಎರಡು ತೊಟ್ಟು ಎಣ್ಣೆ ಬಿಡಿ.

ವೈರನ್ನೇ ಬದಲಿಸಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ, ಬ್ಲೇಡಿಗೆ ಕರೆಂಟು ಸೋರುತ್ತದೆಯೇ ನೋಡಿಸಿ. ಮನೆಯ ಮಲ್ಟಿಮೀಟರ್ ಇದಕ್ಕೆ ಸಾಲದು. ಕೆಲಸ ಶುರುಮಾಡುವಾಗ ಎಲೆ ಒಣಗಿರಲಿ, ವೈರು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿದಿರಲಿ. ತನ್ನ ವೈರನ್ನು ತಾನೇ ಕತ್ತರಿಸಿಕೊಳ್ಳುವುದು ಈ ಮಷೀನಿನ ಹಳೇ ಚಾಳಿ.