ಎಡಗೈ ಕೆಳಗೆ

ನಾನು ಕೊಡಗಿನವಳು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಮನೆತನಗಳನ್ನು ಸೇರಿಸಿ ಕೊಡವ ಕೌಟುಂಬಿಕ ಹಾಕಿ ಉತ್ಸವ ಆರಂಭಿಸಿದರು. ಕೆಲವು ವರ್ಷಗಳ ನಂತರ ನಾನೂ ನಮ್ಮ ಮನೆತನದ ತಂಡದಲ್ಲಿ, ಅಣ್ಣಂದಿರು ಚಿಕ್ಕಪ್ಪಂದಿರ ನಡುವೆ, ಬ್ಯಾಕ್ ಆಡಿದೆ. ಹಾಗಾಗಿ ಕೆನಡಾದ ಎಡ್ಮಂಟನ್‌ನಲ್ಲಿ ಐದು ವರ್ಷದ ಮಗಳು ‘ಅವ್ವ, ನನಗೂ ಹಾಕಿ ಕಲಿಸು’ ಎಂದಾಗ ನಾನು ಒಂದಿಷ್ಟೂ ಅಳುಕಲಿಲ್ಲ. ಅಳುಕಬೇಕಿತ್ತು.

ಈ ದೇಶದಲ್ಲಿ ಹಾಕಿ ಎಂದರೆ ಐಸ್ ಹಾಕಿ. 1994ರ ಕಾನೂನಿನಂತೆ ಚಳಿಗಾಲದ ರಾಷ್ಟ್ರೀಯ ಕ್ರೀಡೆಯೂ ಅದೇ. ನಮ್ಮ ಹಾಕಿಗೆ ಇಲ್ಲಿ ‘ಫೀಲ್ಡ್’ ಎಂದು ಮುಂದೊಂದು ಪದ ಸೇರಿಸಿ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾನಾದರೋ, ಕೋಲು ಕೋಲೇ, ಗೋಲು ಗೋಲೇ, ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ.

ಮೊದಲ ತಪ್ಪು ಮಂಜುಗಡ್ಡೆಯ ಮೇಲೆ ಜಾರಲು ಹಾಕುವ ಅಲಗಿನ ಬೂಟಿನಲ್ಲಿ, ಅಂದರೆ ಸ್ಕೇಟ್‌ನಲ್ಲಿಯೇ ಆಯಿತು. ಬೆಳೆಯುವ ಮಗು, ಎರಡು ಚಳಿಗಾಲ ಬರಲಿ ಎಂದು ಶೂ ಅಳತೆಗಿಂತ ಒಂದು ಸೈಜು ದೊಡ್ಡದನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ತಂದೆ. ಹಾಕಿಕೊಂಡು ನಿಂತರೆ ಮಗುವಿನ ಎರಡೂ ಹರಡುಗಳು ಒಳಕ್ಕೆ ವಾಲುತ್ತಿದ್ದವು. ಕಾಲಿನಲ್ಲಿ ಬಲವಿಲ್ಲ, ಇನ್ನೊಂದು ವರ್ಷ ಕಾಯೋಣ ಎಂದು ಗಂಡ ಹೇಳಿದರು. ಹಾಕಿ ತರಗತಿಯ ಕೋಚ್ ಬಗ್ಗಿ ಸ್ಕೇಟ್‌ನ ಹಿಂಭಾಗದಲ್ಲಿ ಬೆರಳು ತೂರಿಸಿ ನೋಡಿದವರೇ ತಲೆಯಾಡಿಸಿದರು. ಸ್ಕೇಟ್ ಸಾಮಾನ್ಯವಾಗಿ ಶೂ ಅಳತೆಗಿಂತ ಒಂದರಿಂದ ಒಂದೂವರೆ ಸೈಜು ಚಿಕ್ಕದಿರಬೇಕಂತೆ. ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ ಕೂರಿಸಿ, ಬೆರಳುಗಳ ಮೇಲೆ ಲೇಸ್ ಸಡಿಲ ಬಿಟ್ಟು, ಹರಡಿನ ಹತ್ತಿರ ಬಿಗಿಯಾಗಿ ಎಳೆಯಬೇಕು. ಸರಿಯಾದ ಸೈಜು ತಂದ ದಿನವೇ ಹರಡುಗಳು ನೆಟ್ಟಗಾದವು. ಉಳಿಸಲು ಹೋದ ದುಡ್ಡು ಎರಡರಷ್ಟು ಖರ್ಚಾಯಿತು ಎಂಬುದನ್ನು ಗಂಡ ಈಗಲೂ ನೆನಪಿಸುತ್ತಾರೆ.

ಸಾಣೆಯ ವಿಚಾರವೂ ನನಗೆ ಗೊತ್ತಿರಲಿಲ್ಲ. ಸ್ಕೇಟ್‌ನ ಅಲಗು ಕತ್ತಿಯಂತೆ ಒಂದೇ ಅಂಚಿನದಲ್ಲ. ಅದರ ತಳದಲ್ಲಿ ಉದ್ದಕ್ಕೂ ಸಣ್ಣದೊಂದು ಕಾಲುವೆಯಿದೆ, ಅದರ ಎರಡು ಬದಿಗೆ ಎರಡು ಅಂಚು. ಮಂಜುಗಡ್ಡೆಯನ್ನು ಹಿಡಿಯುವುದು ಆ ಅಂಚುಗಳು. ಅವು ಸವೆದಿದ್ದರೆ ಮಗು ಎಷ್ಟು ಒದ್ದರೂ ಕಾಲು ಪಕ್ಕಕ್ಕೆ ಜಾರುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಈಗ ನಾನು ಉಗುರಿನ ಬೆನ್ನನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದು ನೋಡುತ್ತೇನೆ. ಉಗುರಿನಿಂದ ಬಿಳಿ ಪುಡಿ ಬಂದರೆ ಸರಿ, ಬರದಿದ್ದರೆ ಸಾಣೆಗೆ. ಅಡುಗೆಮನೆಯ ಕತ್ತಿಯ ಬಗ್ಗೆ ಇಷ್ಟು ಕಾಳಜಿ ನನಗೆ ಎಂದೂ ಇರಲಿಲ್ಲ.

ತರಗತಿ ಶನಿವಾರ ಬೆಳಿಗ್ಗೆ ಏಳಕ್ಕೆ, ಹೊರಗೆ ಮೈನಸ್ ಇಪ್ಪತ್ತು. ಮೊಣಕಾಲಿನ ಪ್ಯಾಡ್, ಅದರ ಮೇಲೆ ಉದ್ದನೆಯ ಸಾಕ್ಸ್, ದಪ್ಪ ಚಡ್ಡಿ, ಸ್ಕೇಟ್, ಭುಜ ಮತ್ತು ಮೊಣಕೈಯ ಪ್ಯಾಡ್, ಕುತ್ತಿಗೆಯ ಪಟ್ಟಿ, ಜೆರ್ಸಿ, ಕಬ್ಬಿಣದ ಜಾಲರಿಯ ಹೆಲ್ಮೆಟ್, ಕಡೆಯಲ್ಲಿ ಗ್ಲೌಸ್. ಒಮ್ಮೆ ಈ ಕ್ರಮ ತಪ್ಪಿಸಿ ಸ್ಕೇಟ್ ಮೊದಲು ಕಟ್ಟಿಬಿಟ್ಟೆ. ಅಲಗು ತಗುಲಿದರೆ ಚಡ್ಡಿ ಹರಿಯುತ್ತದೆ ಎಂದು ಎಲ್ಲವನ್ನೂ ಬಿಚ್ಚಬೇಕಾಯಿತು. ಅಷ್ಟರಲ್ಲಿ ಮಗಳಿಗೆ ಶೌಚಾಲಯದ ನೆನಪಾಗಿತ್ತು.

ಮೊದಲ ದಿನ ಕೋಲನ್ನೇ ಕೊಡಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು. ಹಾಕಿ ಕಲಿಯಲು ಬಂದ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಿದ್ದರು! ಮುಂದಕ್ಕೆ ಬೀಳು, ಮೊಣಕಾಲೂರು, ಒಂದು ಪಾದವನ್ನು ಮುಂದಿಡು, ಎರಡೂ ಕೈಗಳನ್ನು ಆ ಮೊಣಕಾಲಿನ ಮೇಲೆ ಒತ್ತು, ಏಳು. ಮತ್ತೆ ಬೀಳು. ಆಮೇಲೆ ಪಾದಗಳನ್ನು ಹೊರಕ್ಕೆ ತಿರುಗಿಸಿ ಬಾತುಕೋಳಿಯ ಹಾಗೆ ನಡಿಗೆ. ನಿಲ್ಲಬೇಕಾದಾಗ ಅದರ ತಿರುವುಮುರುವು: ಬೆರಳು ಒಳಗೆ, ಹಿಮ್ಮಡಿ ಹೊರಗೆ, ಮಂಜನ್ನು ಕೆರೆಯುತ್ತಾ ನಿಲ್ಲುವುದು. ಕೋಲು ಕೈಗೆ ಸಿಕ್ಕರೆ ಮಕ್ಕಳು ಅದನ್ನು ಊರುಗೋಲಾಗಿ ಬಳಸಿ ಅದರ ಮೇಲೆಯೇ ಭಾರ ಬಿಡುತ್ತಾರೆ, ಸ್ವಂತ ಕಾಲಿನ ಮೇಲೆ ಸಮತೋಲನ ಬರುವುದಿಲ್ಲ. ಇದು ನನಗೆ ಹೊಳೆದದ್ದು ಮೂರನೆಯ ವಾರದಲ್ಲಿ, ಪಕ್ಕದ ಮಂಜುಗಡ್ಡೆಯ ಅಂಗಳದಲ್ಲಿ, ಅಂದರೆ ರಿಂಕ್‌ನಲ್ಲಿ ಕೋಲಿಗೆ ಜೋತುಬಿದ್ದ ಹುಡುಗನೊಬ್ಬನನ್ನು ನೋಡಿದಾಗ.

ಕೋಲು ಕೊಡುವ ದಿನ ಬಂತು. ನಾನು ಮೊದಲೇ ಕೊಂಡಿಟ್ಟಿದ್ದೆ. ನಮ್ಮ ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ, ಎಲ್ಲರಿಗೂ ಒಂದೇ. ಎಡಚರಿಗಾಗಿ ಬೇರೆ ಕೋಲು ಇಲ್ಲ. ಅದೇ ರೂಢಿಯಲ್ಲಿ ಬಲಗೈ ಕೆಳಗೆ ಬರುವ ಕೋಲನ್ನು ತಂದಿದ್ದೆ. ಮಗಳು ಅದರಲ್ಲಿ, ಚೆಂಡಿನ ಬದಲು ಇಲ್ಲಿ ಬಳಸುವ ಚಪ್ಪಟೆ ಬಿಲ್ಲೆಯಾದ ಪಕ್ ಅನ್ನು ತಳ್ಳಲು ಹೋದಾಗಲೆಲ್ಲ ಮೈ ತಿರುಚಿಕೊಳ್ಳುತ್ತಿದ್ದಳು. ‘ಬಲಗೈ ಕೆಳಗೆ, ಬಲಗೈ ಕೆಳಗೆ’ ಎಂದು ನಾನು ಗಾಜಿನಾಚೆಯಿಂದ ಕೈ ಆಡಿಸುತ್ತಲೇ ಇದ್ದೆ. ಕೋಚ್ ಬಂದು ಅವಳ ಕೋಲನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ, ‘ಒಂದೇ ಕೈಯಲ್ಲಿ ಎತ್ತು’ ಎಂದರು. ಬಲಗೈಯಲ್ಲಿ ತುದಿ ಹಿಡಿದು ಎತ್ತಿದಳು. ಹಾಗಾದರೆ ಬಲಗೈ ಮೇಲಿರಲಿ ಎಂದರು. ಇಲ್ಲಿ ಕೋಲನ್ನು ಆಳುವುದು ಮೇಲಿನ ಕೈ. ಬರೆಯುವ ಕೈಯನ್ನು ಮೇಲಿಟ್ಟು, ಎಡಗೈಯನ್ನು ಕೆಳಗಿಟ್ಟು ಆಡುವವರು ಕೆನಡಾದಲ್ಲಿ ಬಹಳ. ಈ ಊರಿನ ತಂಡದಲ್ಲಿ ಆಡಿ ಹೆಸರಾದ ವೇಯ್ನ್ ಗ್ರೆಟ್ಸ್‌ಕಿ ಕೂಡ ಎಡಗೈ ಕೆಳಗಿಟ್ಟೇ ಹೊಡೆಯುತ್ತಿದ್ದವರು.

ಮತ್ತೊಂದು ಕೋಲು ಕೊಂಡು, ಸ್ಕೇಟ್ ಹಾಕಿ ನಿಂತಾಗ ಗದ್ದಕ್ಕೆ ಬರುವಷ್ಟು ಉದ್ದ ಬಿಟ್ಟು ಮೇಲಿನ ತುದಿಯನ್ನು ಗರಗಸದಲ್ಲಿ ಕೊಯ್ದೆ. ಆದರೆ ನನ್ನ ಬಾಯಿಗೆ ಅಭ್ಯಾಸ ತಪ್ಪಲಿಲ್ಲ. ನಮ್ಮಲ್ಲಿ ಕೋಲಿನ ಚಪ್ಪಟೆ ಬದಿಯಿಂದ ಮಾತ್ರ ಆಡಬೇಕು, ಉಬ್ಬಿದ ಬದಿ ತಗುಲಿದರೆ ಫೌಲ್. ಇಲ್ಲಿ ಎರಡೂ ಬದಿಯಿಂದ ಆಡಬಹುದು. ಅವಳು ಹಿಂಬದಿಯಿಂದ ಪಕ್ ಎಳೆದುಕೊಂಡಾಗಲೆಲ್ಲ ‘ಬ್ಯಾಕ್ ಸ್ಟಿಕ್!’ ಎಂದು ಕೂಗಿಬಿಡುತ್ತಿದ್ದೆ. ಉಳಿದ ತಾಯಂದಿರು ಕಾಫಿ ಲೋಟ ಹಿಡಿದು ನನ್ನನ್ನು ನೋಡುತ್ತಿದ್ದರು. ಕೊನೆಗೆ ಹಿಂದಿನ ಸಾಲಿಗೆ ಹೋಗಿ ಕುಳಿತೆ. ಮಗುವಿನ ಆಟ ಸುಧಾರಿಸಿದ್ದು ಆಮೇಲೆಯೇ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟ.

ಪುಟ್ಟ ಮಕ್ಕಳಿಗೆ ಇನ್ನೂರು ಅಡಿ ಉದ್ದದ ಇಡೀ ರಿಂಕ್ ಕೊಡುವುದಿಲ್ಲ. ಅಡ್ಡಗೋಡೆ ಇಟ್ಟು ಚಿಕ್ಕದು ಮಾಡುತ್ತಾರೆ. ದೊಡ್ಡವರ ಕಪ್ಪು ಪಕ್ ಸುಮಾರು 170 ಗ್ರಾಂ, ಹೆಚ್ಚುಕಡಿಮೆ ನಮ್ಮ ಹಾಕಿ ಚೆಂಡಿನಷ್ಟೇ ತೂಕ. ಮಕ್ಕಳದು ನೀಲಿ ಬಣ್ಣದ, ಹಗುರವಾದದ್ದು, 113 ಗ್ರಾಂ. ಎಲ್ಲರೂ ಜೇನುಹುಳುಗಳಂತೆ ಅದರ ಸುತ್ತ ಮುತ್ತುತ್ತಾರೆ. ಮೊದಲ ಪಂದ್ಯದಲ್ಲಿ ಮಗಳ ಕೋಲಿಗೆ ಅದು ಎರಡು ಸಲ ತಗುಲಿತು, ಒಂದು ಸಲ ನಮ್ಮದೇ ಗೋಲಿನ ಕಡೆಗೆ. ವಿಡಿಯೊ ಕರೆಯಲ್ಲಿ ನೋಡಿದ ನನ್ನ ಅಪ್ಪ, ‘ಚೆಂಡೆಲ್ಲಿ? ಇದು ಕೇರಂ ಕಾಯಿನ್ ಅಲ್ಲವೇ?’ ಎಂದರು.

ಏಪ್ರಿಲ್‌ನಲ್ಲಿ ಊರಿಗೆ ಹೋದೆವು. ಕಾಫಿ ಒಣಗಿಸುವ ಕಣ ಖಾಲಿಯಿತ್ತು. ಅಪ್ಪ ನನ್ನ ಹಳೆಯ ಕೋಲನ್ನು ಅಟ್ಟದಿಂದ ಇಳಿಸಿ, ಕೊಯ್ದು, ಮೊಮ್ಮಗಳಿಗೆ ಕೊಟ್ಟರು. ಅವಳು ಬಲಗೈ ಮೇಲಿಟ್ಟು, ಎಡಗೈ ಕೆಳಗಿಟ್ಟು, ಉಬ್ಬಿದ ಬದಿಯಲ್ಲಿ ಚೆಂಡನ್ನು ಎಳೆದುಕೊಂಡು ಓಡಿದಳು.

‘ಬ್ಯಾಕ್ ಸ್ಟಿಕ್!’ ಎಂದರು ಅಪ್ಪ. ‘ಕೈ ಬದಲಿಸಲು ಹೇಳಮ್ಮ.’

ನಾನು ಹೇಳಲಿಲ್ಲ. ಅವಳು ಕಣದ ಅಂಚಿನವರೆಗೆ ಓಡಿ, ಬೆರಳು ಒಳಗೆ, ಹಿಮ್ಮಡಿ ಹೊರಗೆ ಮಾಡಿ ನಿಲ್ಲಲು ಹೋಗಿ, ಚಪ್ಪಲಿ ಸಿಕ್ಕಿಕೊಂಡು ಮುಗ್ಗರಿಸಿದಳು. ಅಪ್ಪ ಎತ್ತಲು ಓಡಿದರು. ಅವರು ತಲುಪುವ ಮೊದಲೇ ಅವಳು ಒಂದು ಪಾದ ಮುಂದಿಟ್ಟು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಒತ್ತಿ ಎದ್ದು ನಿಂತಿದ್ದಳು.